ಕೇಳಿ, ಹೇಳುತ್ತೇನೆ: ಟ್ರಸ್ಟೋ, ಸಂಘವೋ?

(ಅಂಕಣಕಾರರು ಸಂಘಗಳ ನೋಂದಣಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.)

ಪ್ರಶ್ನೆ: ನಾವು ಐದು ಮಂದಿ ನಿವೃತ್ತ ಶಿಕ್ಷಕರು. ಊರಲ್ಲೊಂದು ವಾಚನಾಲಯ ತೆರೆದು, ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉಚಿತ ಪಾಠ ಹೇಳಬೇಕೆಂದಿದ್ದೇವೆ. ಟ್ರಸ್ಟ್ ಮಾಡಿ, ಒಂದೇ ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ ಒಬ್ಬರು. ಸಂಘವೇ ಸರಿ ಎನ್ನುತ್ತಾರೆ ಇನ್ನೊಬ್ಬರು. ಯಾವುದು ಒಳ್ಳೆಯದು? – ಹಾನಗಲ್ಲ

ಉತ್ತರ: ಒಂದೇ ದಿನದಲ್ಲಿ ಮುಗಿಯುವುದು ನಿಜ. ಅದಕ್ಕಾಗಿಯೇ ಟ್ರಸ್ಟ್ ಮಾಡಿದವರು ಆಮೇಲೆ ನಮ್ಮ ಕಚೇರಿಗೆ ಬಂದು, ಇದನ್ನು ಸಂಘ ಮಾಡಿಕೊಡಿ ಸಾರ್ ಎಂದು ಕೇಳಿದ್ದಿದೆ. ಹಾಗೆ ಮಾಡಿಕೊಡಲು ಬರುವುದಿಲ್ಲ. ಆದ್ದರಿಂದ ಮೊದಲೇ ಒಂದು ಮಾತು ನಿಮ್ಮೊಳಗೆ ಬಗೆಹರಿಸಿಕೊಳ್ಳಿ: ನಾಳೆ ನಿಮ್ಮ ಐವರಲ್ಲಿ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು?

ಟ್ರಸ್ಟ್ ಎಂದರೆ ಒಬ್ಬರು ಹಣವನ್ನೋ ಜಾಗವನ್ನೋ ಕೊಟ್ಟು, ಇಂಥ ಕೆಲಸಕ್ಕೇ ಬಳಸಿ ಎಂದು ಧರ್ಮದರ್ಶಿಗಳ ಕೈಗೆ ಒಪ್ಪಿಸುವ ಪತ್ರ. ಸೈಟು, ಜಮೀನು ರಿಜಿಸ್ಟರ್ ಆಗುವ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅದೂ ನೋಂದಣಿಯಾಗುತ್ತದೆ. ಪತ್ರದ ನೆತ್ತಿಯ ಮೇಲೆ ‘ಭಾರತೀಯ ಟ್ರಸ್ಟ್ ಕಾಯಿದೆ 1882’ ಎಂದು ಬರೆಯುವುದು ರೂಢಿ. ಅಸಲಿಗೆ ಆ ಕಾಯಿದೆ ಖಾಸಗಿ ಟ್ರಸ್ಟ್‌ಗಳದ್ದು, ಸಾರ್ವಜನಿಕ ದತ್ತಿಗೆ ನೇರವಾಗಿ ಅನ್ವಯಿಸುವುದಿಲ್ಲ. ಪತ್ರ ಬರಹಗಾರರಿಗೆ ಅದೊಂದು ಅಭ್ಯಾಸವಾಗಿಬಿಟ್ಟಿದೆ. ಟ್ರಸ್ಟ್‌ನಲ್ಲಿ ಚುನಾವಣೆ ಇಲ್ಲ, ಸರ್ವಸದಸ್ಯರ ಸಭೆ ಇಲ್ಲ. ಪತ್ರದಲ್ಲಿ ಏನು ಬರೆದಿದೆಯೋ ಅದೇ ನಡೆಯುವುದು. ‘ಸ್ಥಾಪಕರ ನಂತರ ಅವರ ಮಗ’ ಎಂಬ ಸಾಲು ಅಲ್ಲಿ ನುಸುಳಿದ್ದರೆ, ನಾಳೆ ಆ ಮಗ ಬೆಂಗಳೂರಿನಿಂದ ಬಂದು ವಾಚನಾಲಯದ ಬೀಗದ ಕೈ ಕೇಳುತ್ತಾನೆ. ನೀವು ಕೊಡಬೇಕಾಗುತ್ತದೆ.

ಸಂಘ ನಡೆಯುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ. ಹದಿನೆಂಟು ದಾಟಿದ ಏಳು ಮಂದಿ ಬೇಕು, ನಿಮಗೆ ಇನ್ನಿಬ್ಬರು ಕಡಿಮೆ. ಅವರಿಬ್ಬರೂ ನಿವೃತ್ತ ಶಿಕ್ಷಕರೇ ಆಗದಂತೆ ನೋಡಿಕೊಳ್ಳಿ. ಮೂವತ್ತರ ಒಳಗಿನವರೊಬ್ಬರು, ಊರಿನ ಹೆಣ್ಣುಮಗಳೊಬ್ಬಳು ಇದ್ದರೆ ನಿಮ್ಮ ನಂತರವೂ ಬಾಗಿಲು ತೆರೆದಿರುತ್ತದೆ. ಅರ್ಜಿ ಹೋಗುವುದು ಹಾವೇರಿಗೆ, ಸಹಕಾರ ಇಲಾಖೆಯಡಿ ಬರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಹಾಲಿನ ಸೊಸೈಟಿ, ಪತ್ತಿನ ಸೊಸೈಟಿಗಳದ್ದು ಬೇರೆ ಕಾಯಿದೆ, 1959ರದ್ದು. ಎರಡೂ ಒಂದೇ ಇಲಾಖೆಯಲ್ಲಿರುವುದರಿಂದ ಜನ ಕಲಸಿಬಿಡುತ್ತಾರೆ. ಒಮ್ಮೆ ಒಂದು ನಾಟಕ ತಂಡದವರು ತಂದ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ‘ಸದಸ್ಯರು ಪೂರೈಸುವ ಹಾಲಿನ ಕೊಬ್ಬಿನಂಶ’ ಎಂಬ ನಿಯಮ ಇತ್ತು. ಹೆಸರೊಂದನ್ನು ಬದಲಿಸಿ ಮಿಕ್ಕಿದ್ದನ್ನು ಹಾಗೇ ಟೈಪು ಮಾಡಿಸಿದ್ದರು. ಏಳೂ ಮಂದಿ ಪ್ರತಿ ಪುಟಕ್ಕೂ ಸಹಿ ಹಾಕಿದ್ದರು, ಓದಿದವರು ಒಬ್ಬರೂ ಇಲ್ಲ.

ನನ್ನ ಸಲಹೆ ಸಂಘವೇ. ಆದರೆ ಬೈಲಾವನ್ನು ನೀವೇ ಕೂತು ಬರೆಯಿರಿ. ಮೇಷ್ಟ್ರುಗಳಿಗೆ ಇದೇನು ಕಷ್ಟವಲ್ಲ. ಸಭೆಗೆ ಎಷ್ಟು ಜನ ಕೋರಂ, ಪದಾಧಿಕಾರಿಗಳ ಅವಧಿ ಎಷ್ಟು ವರ್ಷ, ಸದಸ್ಯತ್ವ ಯಾವಾಗ ರದ್ದಾಗುತ್ತದೆ ಎಂಬ ಮೂರು ಜಾಗದಲ್ಲಿ ಪದ ಪದ ಅಳೆದು ಬರೆಯಿರಿ, ಜಗಳಗಳೆಲ್ಲ ಹುಟ್ಟುವುದು ಅಲ್ಲೇ. ಬ್ಯಾಂಕಿನಲ್ಲಿ ಇಬ್ಬರ ಜಂಟಿ ಸಹಿ ಇರಲಿ. ಸಂಘ ಮುಚ್ಚಿದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು ಎಂಬುದನ್ನು ಮರೆಯದೆ ಸೇರಿಸಿ. ಮುಂದೆ ಆದಾಯ ತೆರಿಗೆ ಇಲಾಖೆ ಮೊದಲು ಹುಡುಕುವ ಸಾಲು ಅದೇ.

ಕಂಪನಿ ಕಾಯಿದೆಯ 8ನೇ ಕಲಂನಡಿ ಲಾಭರಹಿತ ಕಂಪನಿ ಎಂಬ ಮೂರನೆಯ ದಾರಿಯೂ ಇದೆ. ವಾಚನಾಲಯಕ್ಕೆ ಅದು ಮೂಗಿಗಿಂತ ಮೂಗುತಿ ಭಾರ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಪಾಠ ಹೇಳಲು, ಪುಸ್ತಕ ಇಡಲು ನೋಂದಣಿ ಬೇಕಿಲ್ಲ. ಒಂದು ವರ್ಷ ನಡೆಸಿ ನೋಡಿ. ಆಗಲೂ ಐವರೂ ಒಟ್ಟಿಗಿದ್ದರೆ ಹಾವೇರಿ ಬಸ್ಸು ಹತ್ತಿ.

ಪ್ರಶ್ನೆ: ನಮ್ಮ ಮಹಿಳಾ ಸಂಘ ನೋಂದಣಿಯಾಗಿ ಹತ್ತು ವರ್ಷದ ಮೇಲಾಯಿತು. ಹೊಲಿಗೆ ತರಬೇತಿ ಈಗಲೂ ನಡೆಯುತ್ತಿದೆ. ಈಚೆಗೆ ಒಂದು ಅನುದಾನಕ್ಕೆ ಅರ್ಜಿ ಹಾಕಹೋದರೆ ‘ರಿನ್ಯೂವಲ್ ಆಗಿಲ್ಲ’ ಎಂದರು. ಏನು ಮಾಡಬೇಕು? – ಸೊರಬ

ಉತ್ತರ: ಸಂಘದ ನೋಂದಣಿಗೆ ನಮ್ಮ ರಾಜ್ಯದಲ್ಲಿ ಡ್ರೈವಿಂಗ್ ಲೈಸೆನ್ಸಿನಂತೆ ಅವಧಿ ಇಲ್ಲ. ಜನ ರಿನ್ಯೂವಲ್ ಎನ್ನುವುದು ಸಂಘಗಳ ನೋಂದಣಿ ಕಾಯಿದೆಯ 13ನೇ ಕಲಂನ ಪ್ರಕಾರ ಪ್ರತಿ ವರ್ಷ ಸಲ್ಲಿಸಬೇಕಾದ ಲೆಕ್ಕಕ್ಕೆ. ವಾರ್ಷಿಕ ಸರ್ವಸದಸ್ಯರ ಸಭೆ ಮುಗಿದು ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಜಮಾಖರ್ಚು, ಆಸ್ತಿ–ಹೊಣೆ ತಃಖ್ತೆ ಕಚೇರಿ ಸೇರಬೇಕು. ನೀವು ಮೊದಲ ಒಂದೆರಡು ವರ್ಷ ಕೊಟ್ಟು ಆಮೇಲೆ ಕೈಬಿಟ್ಟಿರುತ್ತೀರಿ. ಮುಕ್ಕಾಲು ಪಾಲು ಸಂಘಗಳ ಕಥೆ ಇದೇ ಎಂಬುದು ನನ್ನ ಅನುಭವ. ದುಡ್ಡು ತಿಂದು ಮುಚ್ಚಿದ ಸಂಘಗಳಿಗಿಂತ, ಕೆಲಸ ಚೆನ್ನಾಗಿ ಮಾಡಿ ಕಾಗದ ಕೊಡದೆ ಕಷ್ಟಕ್ಕೆ ಸಿಕ್ಕ ಸಂಘಗಳನ್ನೇ ನಾನು ಹೆಚ್ಚು ಕಂಡಿರುವುದು.

ಬಾಕಿ ವರ್ಷಗಳದ್ದನ್ನು ದಂಡ ಕಟ್ಟಿ ಸಲ್ಲಿಸಲು ದಾರಿ ಇದೆ. ದಂಡದ ದರ ಆಗಾಗ ಬದಲಾಗುತ್ತದೆ, ಶಿವಮೊಗ್ಗದ ಕಚೇರಿಯಲ್ಲೇ ವಿಚಾರಿಸಿ. ನೀವಾಗಿ ಹೋದರೆ ಅದು ಬಾಕಿ ತೀರಿಸುವ ಕೆಲಸ. ಕಚೇರಿಯಿಂದ ನೋಟಿಸು ಬಂದಮೇಲೆ ಹೋದರೆ ನೋಂದಣಿ ರದ್ದತಿಯ ಮಾತು ಶುರುವಾಗಿರುತ್ತದೆ.

ಹೋಗುವ ಮೊದಲು ನಡಾವಳಿ ಪುಸ್ತಕ ತೆಗೆದು ನೋಡಿ. ಖಾಲಿ ಇದ್ದರೆ ಈಗ ಕೂತು ಹತ್ತು ವರ್ಷದ ಸಭೆಗಳನ್ನು ಸೃಷ್ಟಿಸಬೇಡಿ. ಅಂಥ ಪುಸ್ತಕ ಎಷ್ಟೋ ನನ್ನ ಮೇಜಿಗೆ ಬಂದಿವೆ. ಯುಗಾದಿಯ ಸಭೆಗೂ ದೀಪಾವಳಿಯ ಸಭೆಗೂ ಅದೇ ನೀಲಿ ಶಾಯಿ, ಅದೇ ಕೈಬರಹ, ಸಹಿಗಳೂ ಮೇಲಿಂದ ಕೆಳಗೆ ಅದೇ ಸಾಲಿನಲ್ಲಿ. ಒಂದರಲ್ಲಂತೂ ತೀರಿಹೋದ ಖಜಾಂಚಿ ಎರಡು ವರ್ಷದ ನಂತರದ ಸಭೆಗೂ ಹಾಜರಾಗಿ ವಂದನಾರ್ಪಣೆ ಮಾಡಿದ್ದರು. ಸಭೆ ನಡೆಯದಿದ್ದರೆ ನಡೆಯಲಿಲ್ಲ ಎಂದು ಒಪ್ಪಿಕೊಂಡು ಈಗೊಂದು ಸಭೆ ಕರೆಯಿರಿ. ಹಿಂದಿನ ಲೆಕ್ಕಗಳನ್ನು ಅದರ ಮುಂದಿಟ್ಟು ಅಂಗೀಕಾರ ಪಡೆದು, ಆ ದಿನದ ತಾರೀಖನ್ನೇ ಹಾಕಿ.

ಪ್ರಶ್ನೆ: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನಮ್ಮ ಟ್ರಸ್ಟ್ ನಡೆಸುವ ಶಾಲೆಗೆ ಎರಡು ಕೊಠಡಿ ಕಟ್ಟಿಸಿಕೊಡುವ ಆಸೆ ಅವಳಿಗೆ. ಟ್ರಸ್ಟ್ ಖಾತೆಗೆ ನೇರ ಕಳಿಸಬಾರದು, ನಿಮ್ಮ ಸ್ವಂತ ಖಾತೆಗೆ ತರಿಸಿ ಅಲ್ಲಿಂದ ಕೊಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಸರಿಯೇ? – ತೀರ್ಥಹಳ್ಳಿ

ಉತ್ತರ: ಮಗಳ ಕೈಯಲ್ಲಿರುವುದು ಯಾವ ದೇಶದ ಪಾಸ್‌ಪೋರ್ಟ್ ಎಂಬುದನ್ನು ನೀವು ಬರೆದಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ.

ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ನೆಮ್ಮದಿಯಾಗಿರಿ. ಗ್ರೀನ್ ಕಾರ್ಡ್ ಇದ್ದರೂ ಅವಳು ಭಾರತದ ಪ್ರಜೆಯೇ. ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟಿನ ನಕಲನ್ನು ರಸೀತಿಯ ಜೊತೆ ಕಡತದಲ್ಲಿಡಿ, ಅಷ್ಟೇ.

ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ಬೇರೆ ಮಾತು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡು ಇದ್ದರೂ, ಮನೆಯಲ್ಲಿ ತೀರ್ಥಹಳ್ಳಿಯ ಕನ್ನಡವನ್ನೇ ಆಡುತ್ತಿದ್ದರೂ, ಕಾನೂನಿನ ಕಣ್ಣಿಗೆ ಅವಳು ‘ವಿದೇಶಿ ಮೂಲ’. ಅವಳ ಹಣ ಮುಟ್ಟಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಅನುಮತಿ ಬೇಕು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂದ ಕಾಯಿದೆ. 2010ರಲ್ಲಿ ಹೊಸದಾಯಿತು, 2020ರ ತಿದ್ದುಪಡಿಯಲ್ಲಿ ಇನ್ನಷ್ಟು ಬಿಗಿಯಾಯಿತು. ಆ ಬಿಗಿಯನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತಿದ್ದುಪಡಿಗಳನ್ನು ಎತ್ತಿಹಿಡಿದಿದೆ.

ಪರಿಚಯದವರು ಹೇಳಿದ ಉಪಾಯವನ್ನು ಕಾಯಿದೆ ಬರೆದವರು ನಿಮಗಿಂತ ಮೊದಲೇ ಯೋಚಿಸಿದ್ದಾರೆ. ಮಗಳು ನಿಮ್ಮ ಖರ್ಚಿಗೆ ಕಳಿಸಿದರೆ ಅದಕ್ಕೆ ವಿನಾಯಿತಿ ಇದೆ. ಆದರೆ ವಿದೇಶಿ ಮೂಲದಿಂದ ಬಂದ ಹಣ ಒಬ್ಬರ ಕೈ ದಾಟಿ ಬಂದರೂ, ನಾಲ್ಕು ಜನರ ಕೈ ದಾಟಿ ಬಂದರೂ ಟ್ರಸ್ಟ್ ತಲುಪುವಾಗ ವಿದೇಶಿ ದೇಣಿಗೆಯೇ ಎಂದು ವ್ಯಾಖ್ಯೆಯಲ್ಲೇ ಬರೆದಿದ್ದಾರೆ. ಊರಿಗೆ ಬಂದಾಗ ಅವಳು ರೂಪಾಯಿಯಲ್ಲಿ ಕೊಟ್ಟರೂ ಅಷ್ಟೆ. ಒಳ್ಳೆಯ ಕೆಲಸಕ್ಕೆ ತಾನೇ ಎನ್ನುತ್ತೀರಿ. ನನಗೂ ಈ ಕಾಯಿದೆ ಸಣ್ಣ ಸಂಸ್ಥೆಗಳ ಮೇಲೆ ಹೊರಿಸಿರುವ ಭಾರ ಹೆಚ್ಚೆಂದೇ ಅನಿಸುತ್ತದೆ. ಆದರೆ ಎರಡು ಕೊಠಡಿಗಾಗಿ ಇಡೀ ಶಾಲೆಯನ್ನು ತೊಂದರೆಗೆ ಒಡ್ಡಬೇಡಿ.

ಪೂರ್ಣ ನೋಂದಣಿಗೆ ಟ್ರಸ್ಟ್‌ಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ ಒಟ್ಟು 15 ಲಕ್ಷ ರೂಪಾಯಿಯಾದರೂ ಖರ್ಚಾಗಿರಬೇಕು. ಅಷ್ಟಿಲ್ಲದಿದ್ದರೆ ‘ಪೂರ್ವಾನುಮತಿ’ ಎಂಬುದಿದೆ: ಇಂಥ ದಾನಿಯಿಂದ, ಇಂತಿಷ್ಟು ಹಣ, ಇಂಥ ಕೆಲಸಕ್ಕೆ. ಮಗಳಿಂದ ವಾಗ್ದಾನದ ಪತ್ರ ಬೇಕು. ನಿಮಗೆ ಒಪ್ಪುವುದು ಇದೇ. ಯಾವ ದಾರಿಯಾದರೂ ಹಣ ಮೊದಲು ಇಳಿಯುವುದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಯಲ್ಲಿ. ನೀವು ದೆಹಲಿಗೆ ಹೋಗಬೇಕಿಲ್ಲ, ಇಲ್ಲಿನ ಶಾಖೆಯ ಮೂಲಕವೇ ಖಾತೆ ತೆರೆಯಬಹುದು. ಆಡಳಿತ ವೆಚ್ಚ 20% ಮೀರುವಂತಿಲ್ಲ. ಪ್ರತಿ ಡಿಸೆಂಬರ್ 31ರೊಳಗೆ ಎಫ್‌ಸಿ–4 ಎಂಬ ವಾರ್ಷಿಕ ಲೆಕ್ಕಪತ್ರ ಸಲ್ಲಿಸಬೇಕು, ಆ ವರ್ಷ ಬಿಡಿಗಾಸು ಬರದಿದ್ದರೂ ಸೊನ್ನೆ ಬರೆದು. ನೋಂದಣಿ ಇರುವ ಬೇರೆ ಸಂಸ್ಥೆಗೆ ತರಿಸಿ ಅಲ್ಲಿಂದ ಪಡೆಯೋಣವೆಂದರೆ, 2020ರ ನಂತರ ಹಾಗೆ ದಾಟಿಸುವಂತಿಲ್ಲ.

ಪ್ರಶ್ನೆ: ಏಜೆಂಟರೊಬ್ಬರು 12ಎ, 80ಜಿ, ದರ್ಪಣ್, ಸಿಎಸ್‌ಆರ್ ಎಲ್ಲ ಸೇರಿ ಒಂದು ಪ್ಯಾಕೇಜ್, ಅರವತ್ತು ಸಾವಿರ ಎನ್ನುತ್ತಿದ್ದಾರೆ. ನಮ್ಮ ಸಂಘಕ್ಕೆ ಈಗ ಆರು ತಿಂಗಳು. ಕೊಡಬಹುದೇ? – ಚಿತ್ರದುರ್ಗ

ಉತ್ತರ: ನೀತಿ ಆಯೋಗದ ಎನ್‌ಜಿಒ ದರ್ಪಣ್ ಪುಕ್ಕಟೆ. ಸಂಘದ ಪ್ಯಾನ್, ಪದಾಧಿಕಾರಿಗಳ ವಿವರ ಇದ್ದರೆ ಕಾಲೇಜು ಓದುವ ಹುಡುಗಿ ಮಾಡಿಕೊಡುತ್ತಾಳೆ. ಅದು ಒಂದು ಗುರುತಿನ ಸಂಖ್ಯೆ, ಸರ್ಕಾರಿ ಅನುದಾನ ಕೇಳುವಾಗ ಬೇಕಾಗುವುದು. ಆದಾಯ ತೆರಿಗೆ ಕಾಯಿದೆಯ 12ಎ, 80ಜಿ ಅರ್ಜಿಗೆ ಸರ್ಕಾರದ ಶುಲ್ಕವಿಲ್ಲ. ತುಂಬಿಕೊಡುವ ಆಡಿಟರಿಗೆ ನ್ಯಾಯವಾದ ಫೀಸು ಕೊಡಿ. ಮೊದಲನೆಯದು ಸಂಘದ ಆದಾಯಕ್ಕೆ ವಿನಾಯಿತಿ, ಎರಡನೆಯದು ದಾನಿಗೆ, ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ. 2,000 ರೂಪಾಯಿ ಮೀರಿದ ನಗದಿಗೆ ಆ ಸೌಲಭ್ಯವಿಲ್ಲ. ಹೊಸಬರಿಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. (2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂ ನಂಬರುಗಳು ಬದಲಾಗಿವೆ. ಬಾಯಿಗೆ ಬರುವುದು ಮಾತ್ರ ಹಳೆಯದೇ, ನಾನೂ ಹಾಗೇ ಬರೆದಿದ್ದೇನೆ.)

ಸಿಎಸ್‌ಆರ್ ಮಾತಿಗೆ ಬಂದರೆ, ಅದು ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ. ಅದನ್ನು ಪಡೆದು ಕೆಲಸ ಮಾಡಲು ನಿಮ್ಮಂಥ ಸಂಘಕ್ಕೆ 12ಎ, 80ಜಿ ಜೊತೆಗೆ ಅಂಥದೇ ಕೆಲಸ ಮಾಡಿದ ಮೂರು ವರ್ಷದ ಇತಿಹಾಸ ಬೇಕು. ಆರು ತಿಂಗಳ ಸಂಘಕ್ಕೆ ಅದನ್ನು ಮಾರುತ್ತಿರುವ ಏಜೆಂಟರಿಂದ ದೂರವಿರಿ.

ಪ್ರಶ್ನೆ: ಬೀದಿಯ ಗಣೇಶೋತ್ಸವ ಸಮಿತಿಗೆ ನೋಂದಣಿ ಬೇಕೇ? ಲೆಟರ್‌ಹೆಡ್ ಮೇಲೆ ಸಿಂಹದ ಲಾಂಛನ ಹಾಕಿಸಬಹುದೇ? – ಬೆಂಗಳೂರು

ಉತ್ತರ: ವರ್ಷಕ್ಕೆ ಹತ್ತು ದಿನದ ಉತ್ಸವಕ್ಕೆ ಬೇಡ. ಪೊಲೀಸರ, ಪಾಲಿಕೆಯ ಅನುಮತಿ ಬೇರೆ ವಿಷಯ. ಲಾಂಛನ ಖಂಡಿತ ಬೇಡ, ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯಿದೆಯ ಪ್ರಕಾರ ಅದು ಅಪರಾಧ. ಗಣಪತಿಯ ಚಿತ್ರ ಹಾಕಿಸಿ.

ಪ್ರಶ್ನೆ: ನಮ್ಮ ಸಂಘದ ಅಧ್ಯಕ್ಷರು ಹನ್ನೆರಡು ವರ್ಷದಿಂದ ಸಭೆಯನ್ನೇ ಕರೆದಿಲ್ಲ. ಈಗ ಆಡಳಿತ ಮಂಡಳಿಯಲ್ಲಿ ಅವರ ಹೆಂಡತಿ, ತಮ್ಮ, ಅಳಿಯ ಇದ್ದಾರೆಂದು ತಿಳಿಯಿತು. ನಾವು ಹಳೆಯ ಸದಸ್ಯರು ಏನೂ ಮಾಡಲಾಗದೇ? – ದೇವದುರ್ಗ

ಉತ್ತರ: ಆಗುತ್ತದೆ. ಆದರೆ ಮೊದಲು ಅವರ ಮನೆ ಮುಂದೆ ಹೋಗಿ ಕೂಗಾಡಬೇಡಿ; ಪುಸ್ತಕಗಳು ಮಾಯವಾಗುತ್ತವೆ. ಸದ್ದಿಲ್ಲದೆ ರಾಯಚೂರಿಗೆ ಹೋಗಿ, ಶುಲ್ಕ ಕಟ್ಟಿ, ಸಂಘದ ಬೈಲಾ, ನೋಂದಣಿಯಾದಾಗಿನ ಸದಸ್ಯರ ಪಟ್ಟಿ, ಈ ವರೆಗೆ ಸಲ್ಲಿಕೆಯಾದ ಆಡಳಿತ ಮಂಡಳಿಯ ಪಟ್ಟಿಗಳ ದೃಢೀಕೃತ ನಕಲು ತೆಗೆದುಕೊಳ್ಳಿ. ನಿಮ್ಮ ಹೆಸರು ಯಾವ ವರ್ಷ ಪಟ್ಟಿಯಿಂದ ಬಿದ್ದುಹೋಯಿತು, ಅಳಿಯನ ಹೆಸರು ಯಾವ ವರ್ಷ ಏರಿತು ಎಂಬುದು ಅಲ್ಲೇ ಸಿಗುತ್ತದೆ.

ಆಮೇಲೆ ಸಂಘಗಳ ನೋಂದಣಿ ಕಾಯಿದೆಯ 25ನೇ ಕಲಂನಡಿ ವಿಚಾರಣೆಗೆ ಅರ್ಜಿ ಕೊಡಿ. ಸದಸ್ಯರಲ್ಲಿ ಮೂರನೇ ಒಂದರಷ್ಟು ಮಂದಿ ಕೇಳಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು, ತಾವಾಗಿಯೂ ನಡೆಸಬಹುದು. ಅಧ್ಯಕ್ಷರು ಹೇಳುವುದು ಗೊತ್ತೇ ಇದೆ: ಇವರು ಸದಸ್ಯರೇ ಅಲ್ಲ, ಚಂದಾ ಕಟ್ಟಿಲ್ಲ. ಆದ್ದರಿಂದ ಹಳೆಯ ಚಂದಾ ರಸೀತಿ ಯಾರ ಪೆಟ್ಟಿಗೆಯಲ್ಲಾದರೂ ಇದೆಯೇ ಹುಡುಕಿ. ಒಂದೂ ಸಿಗದಿದ್ದರೆ, ಈ ವರ್ಷದ ಚಂದಾವನ್ನು ಸಂಘದ ವಿಳಾಸಕ್ಕೆ ಮನಿಯಾರ್ಡರ್ ಮಾಡಿ. ಅವರು ತೆಗೆದುಕೊಂಡರೆ ಅದೇ ರಸೀತಿ. ವಾಪಸು ಕಳಿಸಿದರೆ ‘ನಿರಾಕರಿಸಿದ್ದಾರೆ’ ಎಂಬ ಅಂಚೆಯವರ ಷರಾ ಸಹಿತ ಅದನ್ನು ಅರ್ಜಿಗೆ ಲಗತ್ತಿಸಿ.