19ನೇ ಶತಮಾನದ ಚಿತ್ರಕಾರರಂತೆ ಮನುಷ್ಯನ ಚಿತ್ರ ಬಿಡಿಸಬೇಕಾದರೆ ಮೊದಲು ಸ್ನಾಯುಗಳನ್ನೆಲ್ಲ ಕಲಿಯಬೇಕೆ?

ಬೇಡ. ಅನಾಟಮಿ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಿ. ಸ್ನಾಯುಗಳ ಹೆಸರೆಲ್ಲ ಬಾಯಿಪಾಠವಾದರೂ ಬಿಡಿಸಿದ ಆಳು ಮರಗಟ್ಟಿದಂತೆ ನಿಲ್ಲುತ್ತಾನೆ ಅಂತ ಬರೆದಿದ್ದೀರಿ. ಆ ಪಾಡು ನನಗೂ ಗೊತ್ತು. ಕೊರತೆ ಇರುವುದು ಸ್ನಾಯುಜ್ಞಾನದಲ್ಲಲ್ಲ, ಕೆಲಸದ ಕ್ರಮದಲ್ಲಿ.

ಪ್ಯಾರಿಸ್‌ನಲ್ಲಿ ಆಗ ಕಲಿಸುತ್ತಿದ್ದ ಕ್ರಮ ಇದು: ಮೊದಲು ಅಚ್ಚಿನ ಚಿತ್ರಗಳ ನಕಲು, ಆಮೇಲೆ ಪ್ಲಾಸ್ಟರ್ ಪ್ರತಿಮೆ, ಕೊನೆಗೆ ಜೀವಂತ ಮಾಡೆಲ್. ಶಾರ್ಲ್ ಬಾರ್ಗ್ ಮತ್ತು ಜೆರೋಮ್ ಎಂಬ ಫ್ರೆಂಚ್ ಚಿತ್ರಕಾರರು ಸೇರಿ 1866ರಿಂದ 1871ರವರೆಗೆ ಹೊರತಂದ ಡ್ರಾಯಿಂಗ್ ಕೋರ್ಸ್‌ನಲ್ಲಿ 197 ಹಾಳೆಗಳಿವೆ. ವ್ಯಾನ್ ಗೋ 1880ರಲ್ಲಿ ಬೆಲ್ಜಿಯಂನ ಗಣಿ ಸೀಮೆಯಲ್ಲಿ ಕೂತು ಅಕ್ಷರ ತಿದ್ದಿದಂತೆ ತಿದ್ದಿದ್ದು ಇವನ್ನೇ.

ಮಾಡೆಲ್ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಲಿ. ಆಳೆತ್ತರದ ಸುಮಾರು ಮೂರು ಪಟ್ಟು ದೂರ ನಿಲ್ಲಿ. ಹತ್ತಿರ ನಿಂತರೆ ತಲೆ ದೊಡ್ಡದಾಗಿ ಪಾದ ಕುಗ್ಗುತ್ತದೆ. ದಾರಕ್ಕೊಂದು ನಟ್ಟು ಕಟ್ಟಿ, ಕಣ್ಣೆದುರು ಹಿಡಿದು, ಗಂಟಲ ಗುಳಿಯಿಂದ ಇಳಿಬಿಟ್ಟು ನೋಡಿ: ದಾರ ಭಾರ ಹೊತ್ತ ಕಾಲಿನ ಒಳಹರಡಿನ (ಪಾದದ ಗಂಟಿನ ಒಳಬದಿಯ) ಆಸುಪಾಸಿಗೆ ಬರುತ್ತದೆ. ಚಿತ್ರದಲ್ಲಿ ಹಾಗೆ ಬರದಿದ್ದರೆ ಆಳು ಪಕ್ಕಕ್ಕೆ ಬೀಳುತ್ತಾನೆ, ಸ್ನಾಯು ಎಷ್ಟೇ ಸರಿಯಿರಲಿ. ಆ ಕಾಲಿನ ಕಡೆ ಸೊಂಟ ಮೇಲೇರಿರುತ್ತದೆ, ಭುಜ ಸಾಮಾನ್ಯವಾಗಿ ಇಳಿದಿರುತ್ತದೆ. ನೆತ್ತಿ, ಅಂಗಾಲು ಗುರುತಿಸಿಕೊಂಡ ಮೇಲೆ ಆ ಎರಡು ಗುರುತನ್ನು ಅಲುಗಿಸಬೇಡಿ. ಹೊರರೇಖೆ ಪೂರ್ತಿ ನೇರ ಗೀಟುಗಳಲ್ಲೇ, ಬಾಗು ಆಮೇಲೆ.

ಎಲ್ಲರೂ ಎಡವುವುದು ನೆರಳಿನಲ್ಲಿ. ನೆರಳಿನ ಅಂಚು ಎಲ್ಲಿ ಅಂತ ಗೆರೆ ಎಳೆದು ನಿರ್ಧರಿಸುವ ಮೊದಲೇ ಒಂದೊಂದೇ ಸ್ನಾಯುವನ್ನು ಉಜ್ಜಿ ಉಜ್ಜಿ ಉಬ್ಬಿಸುತ್ತಾರೆ. ಹಾಗೆ ಮಾಡಿದರೆ ಪ್ರತಿ ಸ್ನಾಯುವಿಗೂ ಅದರದೇ ಬೆಳಕು, ಅದರದೇ ನೆರಳು ಬಂದು ಮೈ ಮೂಟೆ ಮೂಟೆಯಾಗುತ್ತದೆ. ಕಣ್ಣು ಕಿರಿದು ಮಾಡಿ ನೋಡಿ, ಅಂಚು ಗೀಚಿ, ನೆರಳನ್ನೆಲ್ಲ ಚಾರ್ಕೋಲ್‌ನಲ್ಲಿ ಒಂದೇ ಮಟ್ಟಕ್ಕೆ ತುಂಬಿ. ಹಾಫ್‌ಟೋನ್, ಅಂದರೆ ಬೆಳಕಿನ ಭಾಗದೊಳಗಿನ ನಡುಛಾಯೆ, ಕೊನೆಗೆ. ಬೆಳಕಿನ ಭಾಗದ ಅತಿ ಕಪ್ಪು ಹಾಫ್‌ಟೋನ್ ಕೂಡ ನೆರಳಿನೊಳಗಿನ ಅತಿ ತಿಳಿ ಜಾಗಕ್ಕಿಂತ ತಿಳಿಯಾಗಿಯೇ ಇರಬೇಕು. ಪಕ್ಕೆಯ ನೆರಳಿನಲ್ಲಿ ಕಾಣುವ ಪ್ರತಿಫಲಿತ ಬೆಳಕಿಗೆ ಮರುಳಾಗಿ ಅದನ್ನು ಅಳಿಸಿ ಬೆಳ್ಳಗೆ ಮಾಡಿದಿರೋ, ನೆರಳು ಒಡೆದುಹೋಯಿತು.

ಒಡೆದ ಮೆದೂಸಾ ಹಡಗಿನವರ ತೆಪ್ಪದ ಚಿತ್ರಕ್ಕಾಗಿ ಫ್ರೆಂಚ್ ಚಿತ್ರಕಾರ ಜೆರಿಕೊ ಶವದ ಕೈಕಾಲು ತರಿಸಿ ಅಭ್ಯಾಸ ಮಾಡಿದ್ದ ಅಂತ ನೀವು ವಾದಿಸಬಹುದು. ಸರಿ, ಆದರೆ ಅಷ್ಟರಲ್ಲಿ ಅವನ ಕೈ ಪಳಗಿತ್ತು. ಇತ್ತ ಅದೇ ಫ್ರಾನ್ಸ್‌ನ ಆಂಗ್ರ್ 1814ರ ಚಿತ್ರದಲ್ಲಿ ಒದಲಿಸ್ಕ್‌ಳ (ಅಂತಃಪುರದ ಹೆಣ್ಣಿನ) ಬೆನ್ನನ್ನು ಬೇಕೆಂದೇ ಉದ್ದ ಮಾಡಿದ. ಬೆನ್ನುಮೂಳೆ ಜಾಸ್ತಿಯಾಯಿತು ಅಂತ ವಿಮರ್ಶಕರು ಗೊಣಗಿದರು, ಚಿತ್ರ ಇವತ್ತಿಗೂ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ.

ಕಲಿಯಲೇಬೇಕೆಂದರೆ ಎಲುಬು ಚರ್ಮಕ್ಕೆ ತಾಗುವ ಜಾಗಗಳಿಂದ ಶುರುಮಾಡಿ: ಕಾಲರ್ ಬೋನ್, ಸೊಂಟದ ಎರಡು ಮುಂಚಾಚು, ಮಂಡಿಚಿಪ್ಪು, ಹರಡು. ಅಳತೆ ಹಿಡಿಯುವುದೂ ಅಲ್ಲಿಂದಲೇ.