ಓದುಗರ ಪ್ರಶ್ನೆ: ಎಲೆಯ ಹದ, ಕಾಯ್ದೆಯ ಹದ್ದು

ಪ್ರಶ್ನೆ: ನಿವೃತ್ತಿಯ ನಂತರ ಮನೆಯಲ್ಲಿಯೇ ಸಿಗಾರ್ ಸುತ್ತುವ ಹವ್ಯಾಸ ಹಿಡಿದಿದ್ದೇನೆ. ಮಳೆಗಾಲದಲ್ಲಿ ಚೆನ್ನಾಗಿ ಬಂದ ಸುತ್ತು ಏಪ್ರಿಲ್‌ನಲ್ಲಿ ಬಿರುಕು ಬಿಡುತ್ತಿದೆ. ಒಳಗೆ ಬೀಡಿ ತಂಬಾಕು ತುಂಬಿದರೆ ನಾಲಿಗೆ ಚುರುಗುಟ್ಟುತ್ತದೆ. — ಓದುಗರೊಬ್ಬರು, ಕಲಬುರಗಿ

ಉತ್ತರ: ಬಿರುಕಿನ ದೋಷ ನಿಮ್ಮ ಕೈಯದಲ್ಲ, ನಮ್ಮ ಊರಿನ ಬಿಸಿಲಿನದು. ಸುತ್ತಿದ ಸಿಗಾರ್ ಶೇ 65ರಿಂದ 70ರ ತೇವದಲ್ಲಿ ಇರಲು ಬಯಸುತ್ತದೆ. ಕಲಬುರಗಿಯ ಬೇಸಿಗೆಯ ಮಧ್ಯಾಹ್ನದ ಗಾಳಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಹದ ತಪ್ಪಿದ ಹಿಟ್ಟಿನ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದಲ್ಲ, ಒಣಗಿದ ಎಲೆಯೂ ಹಾಗೆಯೇ. ಎಲೆಗೆ ಹಿಂದಿನ ರಾತ್ರಿಯೇ ಹನಿಹನಿಯಾಗಿ ನೀರು ಚಿಮುಕಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬೆಳಿಗ್ಗೆ ಕಿವಿಯ ಬಳಿ ಹಿಡಿದು ಮೆಲ್ಲಗೆ ಮುದುರಿ ನೋಡಿ: ಚರಚರ ಸದ್ದು ಬಂದರೆ ಇನ್ನೂ ಹದಕ್ಕೆ ಬಂದಿಲ್ಲ, ಬೆರಳಿಗೆ ನೀರು ಹತ್ತಿದರೆ ಹದ ಮೀರಿದೆ. ನಡುವಿನ ದಪ್ಪ ನರವನ್ನು ಬಿಡಿಸಿ ತೆಗೆದ ಮೇಲೆ ಸಿಗುವ ಎರಡು ಹೋಳುಗಳನ್ನು ಒಂದೇ ದಿಕ್ಕಿಗೆ ಸುತ್ತಬಾರದು. ಎಡ ಹೋಳು ಒಂದು ಕಡೆಗೆ, ಬಲ ಹೋಳು ಅದರ ವಿರುದ್ಧ ದಿಕ್ಕಿಗೆ ತಿರುಗಿದರೆ ಮಾತ್ರ ಸಣ್ಣ ನರಗಳು ಉದ್ದಕ್ಕೆ ಮಲಗಿ ಮೇಲ್ಮೈ ನುಣುಪಾಗುತ್ತದೆ. ಇದನ್ನು ಕಲಿಯಲು ನನಗೆ ಹತ್ತಾರು ಎಲೆ ಹಾಳಾದವು.

ಇನ್ನು ಚುರುಗುಟ್ಟುವ ವಿಷಯ. ಬೀಡಿಗೆ ಹೊರಗಿನ ಸುತ್ತು ತೂಪರೆ ಎಲೆ, ಒಳಗಿನದು ಪುಡಿಯಾದ ತಂಬಾಕು; ಸಿಗಾರ್‌ನಲ್ಲಾದರೋ ಒಳತಿರುಳು, ಅದನ್ನು ಹಿಡಿದಿಡುವ ಕಟ್ಟು, ಮೇಲಿನ ಹೊದಿಕೆ, ಮೂರೂ ತಂಬಾಕಿನ ಇಡೀ ಎಲೆಗಳೇ ಆಗಿರುತ್ತವೆ, ಮತ್ತು ಅವನ್ನು ರಾಶಿ ಹಾಕಿ, ತಾನಾಗಿ ಬಿಸಿಯೇರಲು ಬಿಟ್ಟು, ಒಳಗಿನ ಅಮೋನಿಯಾ ಹೊರಹೋಗುವವರೆಗೆ ತಿಂಗಳುಗಟ್ಟಲೆ ಹುಳಿಸಿರುತ್ತಾರೆ. ಪುಡಿಗೆ ಈ ಸಂಸ್ಕಾರವಿಲ್ಲ, ಹೊಗೆ ಸಾಗಲು ದಾರಿಯೂ ಇಲ್ಲ. ತಮಿಳುನಾಡಿನ ದಿಂಡಿಗಲ್ ಸೀಮೆಯ ಚುಟ್ಟಾ ಎಲೆ ಸಿಕ್ಕರೆ ಅದನ್ನೇ ಬಳಸಿ.

ನೀವು ಸಿಗಾರ್ ಇಡುವ ಡಬ್ಬಿಯ ತೇವಮಾಪಕವನ್ನೂ ಒಮ್ಮೆ ಪರೀಕ್ಷಿಸಿ. ಪುಟ್ಟ ಬಟ್ಟಲಿನ ಉಪ್ಪಿಗೆ ಕೆಸರಾಗುವಷ್ಟು ನೀರು ಹಾಕಿ, ಮಾಪಕದೊಡನೆ ಗಾಳಿಯಾಡದಂತೆ ಒಂದು ದಿನ ಮುಚ್ಚಿಟ್ಟರೆ ಅದು 75 ತೋರಿಸಬೇಕು.

ಪ್ರಶ್ನೆ: ಮಗನ ಮದುವೆಯಲ್ಲಿ ನಾನೇ ಸುತ್ತಿದ ಸಿಗಾರ್‌ಗಳನ್ನು, ಮನೆತನದ ಹೆಸರು ಅಚ್ಚಾದ ಪೆಟ್ಟಿಗೆಗಳಲ್ಲಿಟ್ಟು ಬೀಗರಿಗೆ ಕೊಡಬೇಕೆಂದಿದ್ದೇನೆ. ಮಾರುತ್ತಿಲ್ಲವಾದ್ದರಿಂದ ತೊಂದರೆಯಿಲ್ಲ ತಾನೇ? — ಓದುಗರೊಬ್ಬರು, ಬೀದರ್

ಉತ್ತರ: ಇದೆ. ತಂಬಾಕು ಉತ್ಪನ್ನಗಳ ಕುರಿತ 2003ರ ಕೇಂದ್ರ ಕಾಯ್ದೆಯು ಉತ್ಪಾದನೆ ಎಂಬ ಪದದೊಳಗೆ ಸಿಗಾರ್ ಮತ್ತು ಚುಟ್ಟಾ ತಯಾರಿಕೆಯನ್ನಷ್ಟೇ ಅಲ್ಲದೆ ಪೆಟ್ಟಿಗೆಗೆ ತುಂಬುವುದನ್ನೂ ಚೀಟಿ ಅಂಟಿಸುವುದನ್ನೂ ಸೇರಿಸಿದೆ, ಮತ್ತು ಮಾರಾಟದ ಮಾತಿರಲಿ, ಹಂಚುವ ಪೆಟ್ಟಿಗೆಯ ಮೇಲೂ ಚಿತ್ರಸಹಿತ ಎಚ್ಚರಿಕೆ ಇರಬೇಕೆನ್ನುತ್ತದೆ. ತಪ್ಪಿದರೆ ತಯಾರಕರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2016ರಿಂದ ಆ ಎಚ್ಚರಿಕೆ ಶೇ 85 ಭಾಗ ಆವರಿಸಬೇಕಾದ್ದರಿಂದ, ನಿಯಮ ಪಾಲಿಸಿದರೆ ನಿಮ್ಮ ಮನೆತನದ ಹೆಸರಿಗೆ ಉಳಿಯುವುದು ಒಂದು ಮೂಲೆ. ಮೇಲಾಗಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ರಾಜ್ಯದ ತಿದ್ದುಪಡಿಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ 1,000 ರೂಪಾಯಿವರೆಗೆ ದಂಡವಿದೆ, ಮತ್ತು ತಂಬಾಕು ಕೊಳ್ಳಬಹುದಾದ ವಯಸ್ಸು 18ರಿಂದ 21ಕ್ಕೆ ಏರಿದೆ. ಮದುವೆ ಮನೆಯಲ್ಲಿ ವಯಸ್ಸು ಕೇಳಿ ಕೊಡುವವರು ಯಾರು? ಬೀಗರಿಗೆ ಬಿದ್ರಿಯ ಒಂದು ಪುಟ್ಟ ಡಬ್ಬಿ ಕೊಡಿ, ಖಾಲಿಯಾಗಿಯೇ.

ಪ್ರಶ್ನೆ: ನಮ್ಮ ತಂದೆಯವರು ಸಿಗಾರ್‌ನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿಟ್ಟು ಬಿಡುತ್ತಾರೆ. ಹಾಗಾದರೆ ಅಪಾಯವಿಲ್ಲವೆನ್ನುತ್ತಾರೆ. — ಓದುಗರೊಬ್ಬರು, ಯಾದಗಿರಿ

ಉತ್ತರ: ಸಿಗಾರ್‌ನ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಎದೆಗೆ ಎಳೆಯದಿದ್ದರೂ ಚಟ ಹತ್ತುವುದು ಇದರಿಂದಲೇ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅವರಿಗೂ ಬರಬಹುದು. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದೆಂಬುದನ್ನು ಅವರಿಗೆ ಹೇಳಿ. ಬಾಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆಯೋ, ಮಾಯದ ಹುಣ್ಣೋ ಎರಡು ವಾರ ಮೀರಿ ಉಳಿದಿದ್ದರೆ ಈ ವಾರವೇ ದಂತವೈದ್ಯರಿಗೆ ತೋರಿಸಿ.