ಮಾಳಿಗೆ ನೀರಿಗೆ ಚೇಂಬರ್ ದಾರಿಯಲ್ಲ

ಹುಬ್ಬಳ್ಳಿಯ ಕೇಶ್ವಾಪುರದಿಂದ ಓದುಗರೊಬ್ಬರು ಬರೆದಿದ್ದಾರೆ: "ಜೋರು ಮಳೆ ಬಂದರೆ ಕೆಳಗಿನ ಬಚ್ಚಲಮನೆಯ ಜಾಲಿಯಿಂದ ಹೊಲಸು ನೀರು ಉಕ್ಕುತ್ತದೆ. ಬೇಸಿಗೆಯಲ್ಲಿ ಈ ತಾಪತ್ರಯ ಇಲ್ಲ. ಓಣಿಗೆ ದೊಡ್ಡ ಒಳಚರಂಡಿ ಪೈಪು ಹಾಕಿ ಎಂದು ನೀವ್ಯಾಕೆ ಬರೆಯುವುದಿಲ್ಲ? ಪಕ್ಕದವರು ಮಾಳಿಗೆ ನೀರನ್ನೂ ಒಳಚರಂಡಿಯ ಚೇಂಬರಿಗೇ ಬಿಟ್ಟಿದ್ದಾರೆ. ಕೇಳಿದರೆ, ಮಳೆನೀರು ಸ್ವಚ್ಛ, ಪೈಪು ತೊಳೆದಂತಾಗುತ್ತದೆ ಅನ್ನುತ್ತಾರೆ. ಅವರಿಗೆ ಹೇಗೆ ಹೇಳಲಿ?"

ಅಕ್ಕಾರೆ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಬೇಸಿಗೆಯಲ್ಲಿ ತೊಂದರೆ ಇಲ್ಲ ಅಂದಿರಿ. ಅಂದರೆ ಓಣಿಯ ಬಚ್ಚಲು, ಪಾಯಖಾನೆ ನೀರಿಗೆ ಆ ಪೈಪು ಸಾಕು. ಸಾಲದೆ ಹೋಗುವುದು ಮಳೆನೀರು ನುಗ್ಗಿದಾಗ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರಡಿ ಮಾಳಿಗೆ ಅಂದರೆ ಸುಮಾರು 93 ಚದರ ಮೀಟರ್. 50 ಮಿ.ಮೀ. ಮಳೆಗೆ 4,600 ಲೀಟರ್‌ಗೂ ಜಾಸ್ತಿ ಆಯಿತು. ಐದು ಜನರ ಮನೆ ದಿನಕ್ಕೆ ಚರಂಡಿಗೆ ಬಿಡುವುದೆಷ್ಟು? ಎಂಜಿನಿಯರುಗಳು ಒಬ್ಬರಿಗೆ 135 ಲೀಟರ್ ಹಿಡಿದು, ಅದರಲ್ಲಿ ನೂರಕ್ಕೆ 80 ಭಾಗ ಒಳಚರಂಡಿಗೆ ಬರುತ್ತದೆ ಅನ್ನುತ್ತಾರೆ. 540 ಲೀಟರ್. ಎಂಟು ದಿನಕ್ಕೂ ಮಿಕ್ಕಿ ಬಿಡಬೇಕಾದ ನೀರನ್ನು ನಿಮ್ಮ ಪಕ್ಕದವರು ಒಂದೇ ಸಂಜೆಗೆ ಬಿಟ್ಟರು! ಇಂಥ ಹತ್ತು ಮನೆ ಇದ್ದರೆ ಪೈಪು ತುಂಬಿ, ತಗ್ಗಿನಲ್ಲಿ ಸಿಕ್ಕ ಬಾಯಿಯಿಂದ ಹೊರಗೆ ಬರುತ್ತದೆ. ಆ ಬಾಯಿ ನಿಮ್ಮ ಬಚ್ಚಲ ಜಾಲಿ.

ಪೈಪು ತೊಳೆಯುವುದಂತೂ ದೂರದ ಮಾತು. ಮಳೆನೀರಿನ ಜೊತೆ ಎಲೆ, ಮಣ್ಣು, ಉಸುಕು ಬರುತ್ತವೆ. ಉಸುಕು ತಳದಲ್ಲಿ ಕೂತು ದಾರಿ ಕಟ್ಟುತ್ತದೆ. ದೊಡ್ಡ ಪೈಪು ಹಾಕಿದರೂ ಇದೇ ಕಥೆ. ಕಸ ಕೂರದಿರಲು ನೀರು ಸೆಕೆಂಡಿಗೆ 0.6 ಮೀಟರ್‌ನಷ್ಟಾದರೂ ವೇಗದಲ್ಲಿ ಓಡಬೇಕು. ಅಗತ್ಯಕ್ಕಿಂತ ದೊಡ್ಡ ಪೈಪಿನಲ್ಲಿ ಬೇಸಿಗೆಯ ನೀರು ಓಡುವುದಿಲ್ಲ, ತೆವಳುತ್ತದೆ.

ಇನ್ನು ನಮ್ಮ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅದರೊಳಗಿನ ಪೈಪೂ ಪ್ರತಿವರ್ಷ ಅಲುಗಾಡುತ್ತದೆ. ಹಳೇ ಪೈಪಿನ ಜಾಯಿಂಟು ಬಿಟ್ಟರೆ ಅಲ್ಲಿಂದ ನೆಲದ ನೀರೂ ಒಳಗೆ ಜಿನುಗುತ್ತದೆ. ಇದನ್ನು ಹುಡುಕಿ ಮುಚ್ಚುವುದು ಪಾಲಿಕೆಯ ಕೆಲಸ. ನಡುರಾತ್ರಿ ಎರಡು ಮೂರು ಗಂಟೆಗೆ ಊರೆಲ್ಲ ಮಲಗಿದಾಗಲೂ ಪೈಪಿನಲ್ಲಿ ನೀರು ಜೋರಾಗಿ ಹರಿಯುತ್ತಿದ್ದರೆ, ಅದರಲ್ಲಿ ಬಹುಪಾಲು ಮನೆಗಳದ್ದಲ್ಲ. ಪೈಪಿನೊಳಗೆ ಕ್ಯಾಮೆರಾ ಬಿಟ್ಟೂ ಒಡಕು ನೋಡಬಹುದು. ಅದನ್ನು ನಾವು ಕೇಳಲೇಬೇಕು, ಕೇಳುತ್ತೇವೆ ಕೂಡ.

ಇಷ್ಟೆಲ್ಲ ಬರೆಯುವ ನಾನೇನೂ ದೊಡ್ಡ ಸಾಚಾ ಅಲ್ಲ. ಧಾರವಾಡದಲ್ಲಿ ಮನೆ ಕಟ್ಟಿಸುವಾಗ ಗೌಂಡಿ, "ಹೊರಗ ಬಿಟ್ರ ಅಂಗಳ ರಾಡಿ ಆಗ್ತೈತಿ ಸರ್, ಚೇಂಬರಿಗೆ ಕೊಟ್ಟುಬಿಡ್ತೀನಿ" ಅಂದ. ನಾನು ತಲೆ ಆಡಿಸಿದೆ. ಆರು ವರ್ಷ ಹಾಗೇ ಇತ್ತು. ಕೊನೆಗೆ ಪ್ಲಂಬರ್ ಬಂದು ಪೈಪನ್ನು ಮೊಣಕಾಲೆತ್ತರಕ್ಕೆ ಕೊಯ್ದು, ಎಲ್ಬೋ ಹಾಕಿ, ನುಗ್ಗೆ ಮರದ ಕಡೆಗಿನ ಇಂಗುಗುಂಡಿಗೆ ತಿರುಗಿಸಿದ. ಚೇಂಬರಿನ ಕಡೆ ಉಳಿದ ತುಂಡಿಗೆ ಕ್ಯಾಪ್ ಬಡಿದ. ಅರ್ಧ ದಿನದ ಕೆಲಸ. ನಮ್ಮದು ಕೆಂಪು ಮಣ್ಣು, ನೀರು ಇಂಗುತ್ತದೆ. ನಿಮ್ಮ ಮನೆ ಎರೆ ಮಣ್ಣಿನ ಮೇಲಿದ್ದರೆ ಗುಂಡಿಯ ಗೋಜು ಬೇಡ. ಅದರಲ್ಲಿ ನೀರು ಬೇಗ ಇಂಗುವುದಿಲ್ಲ, ಬುನಾದಿಯ ಹತ್ತಿರದ ಮಣ್ಣು ಉಬ್ಬಿದರೆ ಗೋಡೆ ಬಿರುಕು ಬಿಟ್ಟೀತು. ಟಾಕಿಗೆ ತುಂಬಿಕೊಳ್ಳಿ, ಮಿಕ್ಕಿದ್ದನ್ನು ರಸ್ತೆ ಬದಿಯ ಮಳೆನೀರಿನ ಗಟಾರಕ್ಕೆ ಬಿಡಿ.

ಮಳೆಯಲ್ಲಿ ರಸ್ತೆ ತುಂಬಿದಾಗ ಹಾರೆ ತಂದು ಮ್ಯಾನ್‌ಹೋಲ್ ಮುಚ್ಚಳ ಎಬ್ಬಿಸುವವರಿದ್ದಾರೆ. ರಸ್ತೆ ಬೇಗ ಖಾಲಿಯಾಗುತ್ತದೆ, ನಿಜ. ಆ ನೀರೆಲ್ಲ ಕೆಳಗಿನ ಓಣಿಯವರ ಬಚ್ಚಲಿಗೆ ಹೋಗುತ್ತದೆ. ಜೊತೆಗೆ ನೀರಿನಡಿ ತೆರೆದ ಬಾಯಿ ದಾರಿಹೋಕರಿಗೆ ಕಾಣುವುದೂ ಇಲ್ಲ.

ಸದ್ಯಕ್ಕೆ ನಿಮ್ಮ ಚೇಂಬರಿಗೆ ನಾನ್ ರಿಟರ್ನ್ ವಾಲ್ವ್ ಕೂಡಿಸಿಕೊಳ್ಳಬಹುದು. ಹೊರಗಿನ ನೀರು ಒಳಗೆ ಬರುವುದು ತಪ್ಪುತ್ತದೆ. ಆದರೆ ಅದು ಮುಚ್ಚಿಕೊಂಡಿರುವಾಗ ನಿಮ್ಮ ಮನೆಯ ನೀರೂ ಹೊರಗೆ ಹೋಗದು. ಮಳೆ ನಿಲ್ಲುವವರೆಗೆ ಬಟ್ಟೆ ಒಗೆಯುವುದು ಬೇಡ.

ಪಕ್ಕದವರಿಗೆ ಹೇಗೆ ಹೇಳುವುದು ಅಂದಿರಿ. ರಂಗಪಂಚಮಿಯ ಬಣ್ಣ ಹುಬ್ಬಳ್ಳಿಯ ಯಾವ ಮನೆಯಲ್ಲಿ ಉಳಿದಿರುವುದಿಲ್ಲ ಹೇಳಿ! ಮಳೆ ಇಲ್ಲದ ದಿನ ಒಂದು ಬಕೆಟ್ ನೀರಿಗೆ ಅದನ್ನು ಕಲಸಿ, ಮಾಳಿಗೆಯ ಪೈಪಿನ ಬಾಯಿಗೆ ಸುರಿಯಿರಿ. ಕೆಳಗೆ ಒಬ್ಬರು ಚೇಂಬರ್ ಮುಚ್ಚಳ ತೆಗೆದು ಸ್ವಲ್ಪ ದೂರ ನಿಂತು ನೋಡಲಿ. ಬಗ್ಗಿ ಇಣುಕುವುದು, ಒಳಗೆ ಇಳಿಯುವುದು ಖಂಡಿತ ಬೇಡ, ವಿಷಗಾಳಿ ಇರುತ್ತದೆ. ಬಣ್ಣದ ನೀರು ಬಂತೋ, ಮಾಳಿಗೆ ನೀರು ಅಲ್ಲಿಗೇ ಹೋಗುತ್ತಿದೆ. ಪಕ್ಕದವರನ್ನೂ ಚಹಾಕ್ಕೆ ಕರೆಯಿರಿ. ಮೊದಲ ಬಕೆಟ್ ಮಾತ್ರ ನಿಮ್ಮ ಮಾಳಿಗೆಯಿಂದಲೇ ಬೀಳಲಿ. ನಿಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಪತ್ರದಲ್ಲಿ ಬರೆದಿಲ್ಲ, ಅಲ್ವಾ?

— ಸಂಪಾದಕ